ಬಣ್ಣವಿಲ್ಲದ ನೋಟ: ಜೀವಂತ ಕೋಶದರ್ಶನದ ಚರಿತ್ರೆ

೧

ಜೀವಕೋಶವನ್ನು ಕುರಿತ ಅರಿವಿನ ಚರಿತ್ರೆಯನ್ನು ಸಾಮಾನ್ಯವಾಗಿ ಮಸೂರಗಳ ಚರಿತ್ರೆಯೆಂಬಂತೆ ಬರೆಯುವುದುಂಟು. ಗಾಜು ಎಷ್ಟು ನಿರ್ದುಷ್ಟವಾಯಿತೋ ನೋಟವೂ ಅಷ್ಟೇ ಆಳವಾಯಿತೆಂಬುದು ಆ ಬರವಣಿಗೆಯ ಧಾಟಿ. ಇದರಲ್ಲಿ ನಿಜಾಂಶವಿಲ್ಲದಿಲ್ಲ. ಆದರೆ ೧೮೭೩ರಲ್ಲಿ ಜರ್ಮನಿಯ ಎರ್ನ್ಸ್ಟ್ ಅಬ್ಬೆಯು ಸೂಕ್ಷ್ಮದರ್ಶಕದ ಸಿದ್ಧಾಂತವನ್ನು ಪ್ರಕಟಿಸಿ, ಬೆಳಕಿನ ಸ್ವಭಾವವೇ ಮಸೂರಕ್ಕೆ ವಿಧಿಸಿರುವ ಎಲ್ಲೆಯನ್ನು ತೋರಿಸಿಕೊಟ್ಟ ಮೇಲೆ, ಆ ಶತಮಾನ ಮುಗಿಯುವುದರೊಳಗಾಗಿ ಒಳ್ಳೆಯ ಉಪಕರಣಗಳು ಆ ಎಲ್ಲೆಯನ್ನು ಬಹುಮಟ್ಟಿಗೆ ಮುಟ್ಟಿದ್ದುವು. ಹಾಗಿದ್ದೂ ಜೀವವಿಜ್ಞಾನಿಯು ಆ ಉತ್ತಮ ಮಸೂರಗಳ ಮೂಲಕ ನೋಡುತ್ತಿದ್ದುದು ಹೆಚ್ಚಾಗಿ ಸತ್ತ ಕೋಶಗಳನ್ನು: ಕೊಂದು, ಗಟ್ಟಿಗೊಳಿಸಿ, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣದಲ್ಲಿ ಅದ್ದಿ ತೆಗೆದ ಕೋಶಗಳನ್ನು.

ಕೋಶಕ್ಕೆ ಯಾವ ಬಣ್ಣವನ್ನೂ ಗುರುತನ್ನೂ ಹಚ್ಚದೆ, ಅದು ಬದುಕಿರುವಂತೆಯೇ ಅದರ ಬೆಳವಣಿಗೆಯನ್ನೂ ಚಲನೆಯನ್ನೂ ನೋಡುವ ವಿಧಾನಗಳು ಹೇಗೆ ಹುಟ್ಟಿದುವು ಎಂಬುದೇ ಈ ಲೇಖನದ ವಿಷಯ. ಇದು ಕೇವಲ ಉಪಕರಣಗಳ ಕಥೆಯಲ್ಲ. ಜೀವವಿಜ್ಞಾನದ ಕೆಲವು ದೊಡ್ಡ ವಿವಾದಗಳು ಎಷ್ಟೇ ಬಣ್ಣದ ಗಾಜುಪಟ್ಟಿಗಳನ್ನು ಸಿದ್ಧಪಡಿಸಿದರೂ ಬಗೆಹರಿಯದೆ ಉಳಿದಿದ್ದುವು. ಬಣ್ಣವಿಲ್ಲದ ಜೀವಂತ ಕೋಶವನ್ನು ನೋಡಿದಾಗ ಬಗೆಹರಿದುವು. ಯಾವ ಪ್ರಶ್ನೆಗೆ ಯಾವ ನೋಟ ಸಾಕ್ಷಿಯಾಗಬಲ್ಲದು ಎಂಬ ವಿವೇಚನೆಯೇ ಈ ಚರಿತ್ರೆಯ ತಿರುಳೆಂದು ನನ್ನ ಅಭಿಪ್ರಾಯ.

೨

ಮೊದಲ ನೋಟ ಬಣ್ಣವಿಲ್ಲದ ನೋಟವೇ ಆಗಿತ್ತು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹೋಕನು ತಾನೇ ತಯಾರಿಸಿದ ಒಂಟಿ ಮಸೂರದಿಂದ ನೀರಿನ ಹನಿಯಲ್ಲಿ ಓಡಾಡುವ ಕಿರುಜೀವಿಗಳನ್ನು ಕಂಡು, ೧೬೭೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಅವನಿಗೆ ಅವು ಜೀವಿಗಳೆಂದು ತಿಳಿದದ್ದು ಅವುಗಳ ಚಲನೆಯಿಂದ. ೧೮೩೮ ಮತ್ತು ೧೮೩೯ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಎಂಬವರು ಗಿಡಗಳೂ ಪ್ರಾಣಿಗಳೂ ಕೋಶಗಳಿಂದಲೇ ಆದುವೆಂದು ಸಾರಿದಾಗ ನೋಡುವವರ ಆಸೆ ಬೆಳೆಯಿತು. ಕೋಶದ ಒಳಗೇನಿದೆ? ಅಲ್ಲಿ ಒಂದು ತೊಡಕು ಎದುರಾಯಿತು. ಪ್ರಾಣಿಯ ಕೋಶ ಬಹುಪಾಲು ನೀರೇ. ನೀರಿನಲ್ಲಿ ಮುಳುಗಿಸಿದ ಗಾಜಿನ ಚೂರಿನಂತೆ ಅದರ ಅಂಚು ಮಾತ್ರ ತೆಳ್ಳಗೆ ತೋರುತ್ತಿತ್ತು.

ಈ ತೊಡಕನ್ನು ನೀಗಿದ್ದು ಬಣ್ಣ. ೧೮೫೮ರಲ್ಲಿ ಗೆರ್ಲಾಖನು ಕಾರ್ಮೈನ್ ಎಂಬ ಕೆಂಪು ರಂಗನ್ನು ಅಂಗಾಂಶಗಳಿಗೆ ಹಚ್ಚಿ, ಕೋಶಕೇಂದ್ರವು ಆ ಬಣ್ಣವನ್ನು ವಿಶೇಷವಾಗಿ ಹೀರಿಕೊಳ್ಳುವುದನ್ನು ತೋರಿಸಿದನು. ೧೮೫೬ರಲ್ಲಿ ಪರ್ಕಿನ್ನನು ಕಂಡುಹಿಡಿದ ಕೃತಕ ರಂಗಿನಿಂದ ಮೊದಲಾದ ಅನಿಲೀನ್ ಬಣ್ಣಗಳ ಉದ್ಯಮ ಬಟ್ಟೆಗೆ ಹೇಗೋ ಹಾಗೆಯೇ ಪ್ರಯೋಗಶಾಲೆಗೂ ಹೊಸ ಬಣ್ಣಗಳನ್ನು ಒದಗಿಸಿತು. ಇವುಗಳ ನೆರವಿನಿಂದ ವಾಲ್ಟರ್ ಫ್ಲೆಮಿಂಗ್ ಕೋಶವಿಭಜನೆಯ ಹಂತಗಳನ್ನು ಗುರುತಿಸಿ ೧೮೮೨ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ವಿಭಜನೆಯ ವೇಳೆಯಲ್ಲಿ ಕಾಣುವ ಎಳೆಗಳಿಗೆ ೧೮೮೮ರಲ್ಲಿ ವಾಲ್ಡೆಯರನು ಇಟ್ಟ ‘ಕ್ರೋಮೊಸೋಮ್’ ಎಂಬ ಹೆಸರಿನ ಅರ್ಥ ಬಣ್ಣದ ಕಾಯ ಎಂದು. ಕನ್ನಡದಲ್ಲಿ ನಾವು ಅದನ್ನು ‘ವರ್ಣತಂತು’ ಎಂದು ಕರೆಯುತ್ತೇವೆ. ಬದುಕಿರುವ ಕೋಶದಲ್ಲಿ ಈ ತಂತುವಿಗೆ ಯಾವ ವರ್ಣವೂ ಇಲ್ಲ. ನೋಡುವವನು ಹಚ್ಚಿದ ಬಣ್ಣ ನೋಡಿದ ವಸ್ತುವಿನ ಹೆಸರಿನಲ್ಲಿಯೇ ನಿಂತುಬಿಟ್ಟಿತು. ಒಂದು ಯುಗದ ನೋಟದ ರೀತಿಯನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಫ್ಲೆಮಿಂಗನಿಗೆ ಈ ಅಪಾಯದ ಅರಿವಿತ್ತು. ಬಣ್ಣದಿಂದ ಕಂಡ ಹಂತಗಳನ್ನು ಅವನು ಸಲಮ್ಯಾಂಡರ್ ಮರಿಗಳ ಜೀವಂತ ಕೋಶಗಳಲ್ಲಿ ಮತ್ತೆ ನೋಡಿ ತಾಳೆ ಹಾಕಿದನು. ಎಲ್ಲರಿಗೂ ಎಲ್ಲ ಕೋಶಗಳಲ್ಲಿಯೂ ಇದು ಸಾಧ್ಯವಾಗುತ್ತಿರಲಿಲ್ಲ. ಸತ್ತ ಕೋಶಗಳನ್ನು ಸಾಲಾಗಿ ಜೋಡಿಸಿ, ಇದಾದ ಮೇಲೆ ಇದು ಎಂದು ಊಹಿಸುವುದೇ ವಾಡಿಕೆಯಾಯಿತು. ಜಾತ್ರೆಯ ನೂರು ಛಾಯಾಚಿತ್ರಗಳನ್ನು ಕೊಟ್ಟು ತೇರು ಯಾವ ಕಡೆಯಿಂದ ಬಂದಿತೆಂದು ಕೇಳಿದಂತೆ ಇದು. ಊಹೆ ಸರಿಯಾಗಿರಬಹುದು, ಆದರೆ ಎದುರಾಳಿಯ ಊಹೆಗೂ ಅಷ್ಟೇ ಬೆಲೆ.

೩

ಇಂಥ ಊಹೆಗಳು ಎದುರುಬದುರಾಗಿ ನಿಂತದ್ದು ನರತಂತುವಿನ ವಿಷಯದಲ್ಲಿ. ಮಿದುಳಿನಿಂದ ಅಥವಾ ಬೆನ್ನುಹುರಿಯಿಂದ ಸ್ನಾಯುವಿನವರೆಗೆ ಸಾಗುವ ಉದ್ದವಾದ ನರದ ಎಳೆ ಭ್ರೂಣದಲ್ಲಿ ಹೇಗೆ ಹುಟ್ಟುತ್ತದೆ? ಒಂದು ಪಕ್ಷದ ಪ್ರಕಾರ ಹಲವು ಕೋಶಗಳು ಸರಪಣಿಯಂತೆ ಕೂಡಿ ಅದು ಆಗುತ್ತದೆ. ಇನ್ನೊಂದು ಪಕ್ಷದವರು ಭ್ರೂಣದಲ್ಲಿ ಮೊದಲಿನಿಂದಲೂ ಇರುವ ಜೀವರಸದ ಸೇತುವೆಗಳೇ ನರಗಳಾಗಿ ಮಾರ್ಪಡುತ್ತವೆಂದರು. ಸ್ಪೇನಿನ ರಾಮೊನ್ ಇ ಕಾಹಾಲನೇ ಮೊದಲಾದ ಮೂರನೆಯ ಪಕ್ಷದವರು ಒಂದೊಂದು ನರಕೋಶವೂ ತನ್ನೊಳಗಿನಿಂದಲೇ ಎಳೆಯನ್ನು ಹೊರಚಾಚಿ ಬೆಳೆಸುತ್ತದೆಂದು ವಾದಿಸಿದರು. ಇಟಲಿಯ ಗಾಲ್ಜಿಯು ೧೮೭೩ರಲ್ಲಿ ಕಂಡುಹಿಡಿದ ಬೆಳ್ಳಿಯ ಲೇಪನವನ್ನೇ ಕಾಹಾಲನು ಉತ್ತಮಪಡಿಸಿ ಬಳಸಿದನು. ಆದರೂ ವಯಸ್ಕ ನರಮಂಡಲವು ಒಂದೇ ಜಾಲವೋ ಬೇರೆ ಬೇರೆ ಕೋಶಗಳೋ ಎಂಬ ವಿಷಯದಲ್ಲಿ ಗಾಲ್ಜಿ ಕಂಡದ್ದು ಒಂದು, ಕಾಹಾಲ್ ಕಂಡದ್ದು ಮತ್ತೊಂದು. ೧೯೦೬ರಲ್ಲಿ ಇಬ್ಬರಿಗೂ ಒಟ್ಟಾಗಿ ನೊಬೆಲ್ ಪಾರಿತೋಷಕ ಬಂದಾಗಲೂ ಅವರ ಭಿನ್ನಾಭಿಪ್ರಾಯ ಹಾಗೆಯೇ ಇತ್ತು. ಒಂದೇ ಲೇಪನ ಎರಡು ವಿರುದ್ಧ ಪಕ್ಷಗಳಿಗೆ ಆಧಾರವಾದುದನ್ನು ನಾವು ಗಮನಿಸಬೇಕು.

ನರದ ಎಳೆಯ ಹುಟ್ಟಿನ ಪ್ರಶ್ನೆಗೆ ಮರುವರ್ಷವೇ ಉತ್ತರ ದೊರೆಯಿತು. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದಿಂದ ನರವಾಗಿ ಬೆಳೆಯಲಿದ್ದ ಅಂಗಾಂಶದ ಚೂರನ್ನು ಬೇರ್ಪಡಿಸಿ, ಕಪ್ಪೆಯದೇ ದುಗ್ಧರಸದ ಹನಿಯಲ್ಲಿಟ್ಟು, ಗುಳಿಯುಳ್ಳ ಗಾಜಿನ ಮೇಲೆ ಹನಿಯನ್ನು ತಲೆಕೆಳಗಾಗಿ ತೂಗಿಸಿ, ಅಂಚನ್ನು ಮೇಣದಿಂದ ಮುಚ್ಚಿದನು. ಆ ಹನಿಯಲ್ಲಿ ಸರಪಣಿಯಾಗಲು ಬೇರೆ ಕೋಶಗಳಿರಲಿಲ್ಲ, ಸೇತುವೆಯೂ ಇರಲಿಲ್ಲ. ಆದರೂ ಒಂಟಿ ಕೋಶದಿಂದ ಎಳೆ ಹೊರಟು, ತುದಿಯನ್ನು ಬೆರಳುಗಳಂತೆ ಆಡಿಸುತ್ತ ಕಣ್ಣೆದುರಿಗೇ ಮುಂದೆ ಸಾಗಿತು. ಅಂಗಾಂಶ ಕೃಷಿಯೆಂಬ ಶಾಸ್ತ್ರ ಹುಟ್ಟಿದ್ದು ಇಲ್ಲಿಂದಲೇ.

ಇದೇ ಕಾಲದಲ್ಲಿ ಚಲನಚಿತ್ರವೂ ಈ ಕಾರ್ಯಕ್ಕೆ ಒದಗಿ ಬಂತು. ಪ್ಯಾರಿಸಿನ ಜಾನ್ ಕೊಮಾಂದೋನ್ ಪಾಥೆ ಸಂಸ್ಥೆಯ ಸಹಾಯದಿಂದ ೧೯೦೯ರಲ್ಲಿ ಉಪದಂಶದ ಸುರುಳಿ ಜೀವಾಣುಗಳು ಓಡಾಡುವುದನ್ನು ತೆರೆಯ ಮೇಲೆ ತೋರಿಸಿದನು. ಅವನು ಬಳಸಿದ್ದು ಕತ್ತಲೆಯ ಹಿನ್ನೆಲೆಯಲ್ಲಿ ಜೀವಾಣು ಚೆದರಿಸಿದ ಬೆಳಕನ್ನು ಮಾತ್ರ ಹಿಡಿಯುವ ಕ್ರಮವನ್ನು. ಬಿಟ್ಟು ಬಿಟ್ಟು ತೆಗೆದ ಚಿತ್ರಗಳನ್ನು ಒಟ್ಟಿಗೆ ಓಡಿಸಿದರೆ ಗಂಟೆಗಳ ಕಾಲ ನಡೆಯುವ ಕೋಶದ ವ್ಯಾಪಾರ ನಿಮಿಷದಲ್ಲಿ ಕಾಣುವುದೆಂಬ ಉಪಾಯವೂ ಬಳಕೆಗೆ ಬಂತು. ಕೋಶವನ್ನು ಬದುಕಿಸಿಡುವುದೂ ಅದರ ಕಾಲವನ್ನು ಹಿಗ್ಗಿಸಿ ಕುಗ್ಗಿಸುವುದೂ ಹೀಗೆ ಸಾಧ್ಯವಾದುವು. ಆದರೆ ಅದರ ಒಳಗನ್ನು ಸ್ಪಷ್ಟವಾಗಿ ಕಾಣುವುದು ಮಾತ್ರ ಇನ್ನೂ ಆಗಿರಲಿಲ್ಲ.

೪

ಆ ಕೆಲಸವನ್ನು ಮಾಡಿದವನು ಜೀವವಿಜ್ಞಾನಿಯಲ್ಲ. ಹಾಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಫ್ರಿಟ್ಸ್ ಜೆರ್ನಿಕೆ.

ಅವನು ಕಂಡುಕೊಂಡದ್ದನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು ೧.೩೩; ಕೋಶರಸದ್ದು ಇದಕ್ಕಿಂತ ತುಸು ಹೆಚ್ಚು, ೧.೩೬ರ ಆಸುಪಾಸು. ವ್ಯತ್ಯಾಸ ೦.೦೩. ಆದುದರಿಂದ ೫ ಮೈಕ್ರಾನ್ ದಪ್ಪದ ಕೋಶವನ್ನು ದಾಟಿ ಬಂದ ಬೆಳಕಿನ ಅಲೆ, ಪಕ್ಕದ ನೀರನ್ನು ದಾಟಿ ಬಂದ ಅಲೆಗಿಂತ ೦.೧೫ ಮೈಕ್ರಾನಿನಷ್ಟು ಹಿಂದೆ ಬೀಳುತ್ತದೆ. ಹಸಿರು ಬೆಳಕಿನ ಅಲೆಯುದ್ದ ಸುಮಾರು ೦.೫೫ ಮೈಕ್ರಾನ್, ಎಂದರೆ ಹಿಂದೆ ಬಿದ್ದದ್ದು ಒಂದು ಅಲೆಯ ಕಾಲುಭಾಗದಷ್ಟು. ಬೆಳಕು ಕುಂದಲಿಲ್ಲ, ಬಣ್ಣ ಬದಲಾಗಲಿಲ್ಲ. ಅಲೆಯ ಏರಿಳಿತಗಳ ಹೊತ್ತು ಮಾತ್ರ ಜರುಗಿತು. ಭೌತವಿಜ್ಞಾನದಲ್ಲಿ ಇದಕ್ಕೆ ಪ್ರಾವಸ್ಥೆಯ ವ್ಯತ್ಯಾಸವೆಂದು ಹೆಸರು. ನಮ್ಮ ಕಣ್ಣು ಬೆಳಕಿನ ಹೆಚ್ಚು ಕಡಮೆಯನ್ನು ಬಲ್ಲದು, ಬಣ್ಣವನ್ನು ಬಲ್ಲದು, ಪ್ರಾವಸ್ಥೆಯನ್ನು ಅರಿಯದು. ಕೋಶದ ಸಮಾಚಾರವೆಲ್ಲ ಆ ಬೆಳಕಿನಲ್ಲಿ ಇದ್ದೇ ಇತ್ತು. ಓದುವ ಬಗೆ ಮಾತ್ರ ಗೊತ್ತಿರಲಿಲ್ಲ.

೧೯೩೦ರಲ್ಲಿ ಜೆರ್ನಿಕೆ ಬೇರೊಂದು ಕೆಲಸದಲ್ಲಿ ತೊಡಗಿದ್ದನು. ಬೆಳಕನ್ನು ಬಿಡಿಸುವ, ಸಾವಿರಾರು ಗೀರುಗಳುಳ್ಳ ವಿವರ್ತನ ಫಲಕದ ದೋಷಗಳನ್ನು ಪರೀಕ್ಷಿಸುವಾಗ ಫಲಕದ ಮೇಲೆ ಪಟ್ಟೆಗಳು ಕಾಣುತ್ತಿದ್ದುವು. ದೂರದರ್ಶಕವನ್ನು ಸರಿಯಾಗಿ ಫಲಕದ ಮೇಲೆಯೇ ಕೇಂದ್ರೀಕರಿಸಿದೊಡನೆ ಅವು ಮಾಯವಾಗುತ್ತಿದ್ದುವು. ಈ ಸಣ್ಣ ವಿಚಿತ್ರವನ್ನು ಅವನು ಕಡೆಗಣಿಸಲಿಲ್ಲ. ಪಟ್ಟೆಗಳು ಪ್ರಾವಸ್ಥೆಯ ವ್ಯತ್ಯಾಸದಿಂದ ಹುಟ್ಟಿದುವೆಂದು ಅರಿತು, ಅದೇ ವಿಚಾರವನ್ನು ಸೂಕ್ಷ್ಮದರ್ಶಕಕ್ಕೆ ಅನ್ವಯಿಸಿದನು. ಪಾರದರ್ಶಕ ವಸ್ತುವಿನಿಂದ ಚೆದರಿದ ಬೆಳಕು ನೇರವಾಗಿ ಬಂದ ಬೆಳಕಿಗಿಂತ ಕಾಲು ಅಲೆಯಷ್ಟು ಹಿಂದಿರುತ್ತದೆ. ಮಸೂರದ ಹಿಂದೆ ಈ ಎರಡೂ ಬೇರೆ ಬೇರೆ ಜಾಗಗಳಲ್ಲಿ ಹಾದುಹೋಗುತ್ತವೆ. ಅಲ್ಲಿ ಉಂಗುರದಾಕಾರದ ತೆಳುಗೀರುಳ್ಳ ಗಾಜಿನ ಬಿಲ್ಲೆಯನ್ನಿಟ್ಟು ನೇರಬೆಳಕನ್ನು ಇನ್ನೂ ಕಾಲು ಅಲೆಯಷ್ಟು ಮುಂದೆ ಸರಿಸಿದರೆ ಎರಡರ ನಡುವೆ ಅರ್ಧ ಅಲೆಯ ಅಂತರವಾಗುತ್ತದೆ. ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು ಬೆಳಕು ಕುಂದುತ್ತದೆ. ಕೋಶದ ದಟ್ಟ ಭಾಗಗಳು ಬೂದು ಹಿನ್ನೆಲೆಯಲ್ಲಿ ಕಪ್ಪಾಗಿ ಎದ್ದು ಕಾಣುತ್ತವೆ. ಇದೇ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ.

೧೯೩೨ರಲ್ಲಿ ಜೆರ್ನಿಕೆ ಇದನ್ನು ಯೇನಾ ನಗರದ ಜ಼ೈಸ್ ಕಾರ್ಖಾನೆಗೆ ಒಯ್ದು ತೋರಿಸಿದನು. ಅಬ್ಬೆ ದುಡಿದು ಬೆಳಗಿಸಿದ ಸಂಸ್ಥೆ ಅದು. ಅಲ್ಲಿನ ಹಿರಿಯ ತಜ್ಞನೊಬ್ಬನು, ಇದರಿಂದ ನಿಜವಾದ ಪ್ರಯೋಜನವಿದ್ದಿದ್ದರೆ ತಾವೇ ಎಂದೋ ಇದನ್ನು ಕಂಡುಹಿಡಿದಿರುತ್ತಿದ್ದೆವು ಎಂಬರ್ಥದ ಮಾತನ್ನಾಡಿದನೆಂದು ಜೆರ್ನಿಕೆ ಮುಂದೆ ತನ್ನ ನೊಬೆಲ್ ಉಪನ್ಯಾಸದಲ್ಲಿ ನೆನೆದಿದ್ದಾನೆ. ಸುಮಾರು ಹತ್ತು ವರ್ಷ ವ್ಯರ್ಥವಾಗಿ ಕಳೆಯಿತು. ೧೯೪೧ರಲ್ಲಿ ಜರ್ಮನ್ ಸೇನೆಯು ಯುದ್ಧಕ್ಕೆ ಉಪಯೋಗವಾಗಬಹುದಾದ ಆವಿಷ್ಕಾರಗಳ ಪಟ್ಟಿ ಮಾಡುತ್ತ ಬಂದಾಗ ಈ ಉಪಕರಣ ತಯಾರಿಕೆಗೆ ಬಂತು. ಜೀವವನ್ನು ಕೆಡಿಸದೆ ನೋಡುವ ಸಾಧನ ಲೋಕಕ್ಕೆ ದೊರೆತದ್ದು ಜೀವನಾಶದ ಮಹಾಯುದ್ಧದ ಮೂಲಕ! ೧೯೪೩ರಲ್ಲಿ ಜ಼ೈಸ್ ಸಂಸ್ಥೆಯ ಕುರ್ಟ್ ಮಿಖೆಲ್ ಮಿಡತೆಯ ವೀರ್ಯಕೋಶಗಳು ವಿಭಜನೆ ಹೊಂದುವುದನ್ನು ಈ ವಿಧಾನದಿಂದ ಚಲನಚಿತ್ರವಾಗಿ ತೆಗೆದನು. ‘ವರ್ಣತಂತು’ಗಳು ವರ್ಣವಿಲ್ಲದೆಯೇ ಚಲಿಸಿ ಬೇರ್ಪಡುವುದನ್ನು ಜನ ಕಂಡರು. ೧೯೫೩ರಲ್ಲಿ ಜೆರ್ನಿಕೆಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

೫

ಈ ವರ್ಷ ೧೯೫೩ ನಮ್ಮ ಕಥೆಯಲ್ಲಿ ಇನ್ನೆರಡು ಕಾರಣಗಳಿಂದಲೂ ಸ್ಮರಣೀಯವಾದುದು.

ಮೊದಲನೆಯದು ಕದಿರಿನ ಪ್ರಶ್ನೆ. ವಿಭಜನೆಯಾಗುವ ಕೋಶದಲ್ಲಿ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವಂತೆ ಕದಿರಿನಾಕಾರದ ಎಳೆಗಳ ಕಟ್ಟೊಂದು ಬಣ್ಣದ ಗಾಜುಪಟ್ಟಿಗಳಲ್ಲಿ ಕಾಣುತ್ತಿತ್ತು. ಕೋಶವನ್ನು ಗಟ್ಟಿಗೊಳಿಸಲು ಹಾಕುವ ಆಮ್ಲಾದಿಗಳೇ ಈ ಎಳೆಗಳನ್ನು ಹುಟ್ಟಿಸಿರಬಹುದೆಂದು ಅನೇಕರು ಸಂದೇಹಪಟ್ಟರು. ಸಂದೇಹ ಅಕಾರಣವಾದುದಲ್ಲ, ಬೇಯಿಸಿದ ಮೊಟ್ಟೆಯನ್ನು ನೋಡಿ ಹಸಿಮೊಟ್ಟೆಯ ರಚನೆಯನ್ನು ಹೇಳಲಾಗದು. ಜಪಾನಿನಲ್ಲಿ ಓದಿ ಅಮೆರಿಕದಲ್ಲಿ ನೆಲಸಿದ ಶಿನ್ಯಾ ಇನೊವೆ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕವನ್ನು ಅಸಾಧಾರಣವಾಗಿ ಪರಿಷ್ಕರಿಸಿ, ೧೯೫೩ರಲ್ಲಿ ಜೀವಂತ ಕೋಶದಲ್ಲಿಯೇ ಆ ಎಳೆಗಳನ್ನು ತೋರಿಸಿದನು. ತಂಪು ಮಾಡಿದರೆ ಎಳೆಗಳು ಕರಗುತ್ತವೆ, ಬೆಚ್ಚಗೆ ಮಾಡಿದರೆ ಮತ್ತೆ ಕೂಡುತ್ತವೆ ಎಂಬುದೂ ಅವನ ಸಂಶೋಧನೆಗಳಿಂದ ತಿಳಿದುಬಂತು. ಕರಗಿ ಕೂಡುವ ವಸ್ತುವೆಂದು ಸತ್ತ ಕೋಶ ಎಂದೂ ಹೇಳಲಾರದಾಗಿತ್ತು.

ಎರಡನೆಯದು ಚಲನೆಯ ಪ್ರಶ್ನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೈಕೆಲ್ ಅಬರ್‌ಕ್ರಾಂಬಿ ಮತ್ತು ಜೋನ್ ಹೇಸ್‌ಮನ್ ಕೋಳಿಯ ಭ್ರೂಣದ ಹೃದಯದಿಂದ ತೆಗೆದ ಕೋಶಗಳನ್ನು ಬೆಳೆಸಿ, ಅವುಗಳ ನಡಿಗೆಯನ್ನು ಅಳೆದರು. ‘ಕೋಶಗಳ ಸಾಮಾಜಿಕ ನಡವಳಿಕೆ’ ಎಂಬುದೇ ೧೯೫೩ರಿಂದ ಪ್ರಕಟವಾದ ಅವರ ಲೇಖನಮಾಲೆಯ ಶೀರ್ಷಿಕೆ. ಒಂದು ಕೋಶ ಇನ್ನೊಂದನ್ನು ಮುಟ್ಟಿದಾಗ ಅದರ ಮುಂಚೂಣಿಯ ಅಲುಗಾಟ ನಿಲ್ಲುತ್ತದೆ; ಅದು ನೆರೆಯ ಕೋಶದ ಮೇಲೆ ಹತ್ತಿ ಹೋಗದೆ ಬೇರೆ ದಿಕ್ಕು ಹಿಡಿಯುತ್ತದೆ. ೧೯೫೭ರಲ್ಲಿ ಅವರು ಅರ್ಬುದದ ಕೋಶಗಳನ್ನು ಇವುಗಳ ಎದುರಿಗಿಟ್ಟಾಗ ಅರ್ಬುದಕೋಶಗಳು ಈ ಮರ್ಯಾದೆಯನ್ನು ಪಾಲಿಸದೆ ಮುನ್ನುಗ್ಗಿದುವು. ಅರ್ಬುದ ದೇಹದಲ್ಲಿ ಹಬ್ಬುವುದನ್ನು ಕೋಶದ ನಡತೆಯಾಗಿ ಅಳೆಯಬಹುದೆಂಬ ದಾರಿ ಇಲ್ಲಿ ತೆರೆಯಿತು. ನಡತೆಯನ್ನು ಅಳೆಯಬೇಕಾದರೆ ಕೋಶ ನಡೆಯುತ್ತಿರಬೇಕಷ್ಟೆ.

ಇನ್ನು ಬೆಳವಣಿಗೆಯ ಪ್ರಶ್ನೆ. ಒಂದೇ ಒಂದು ಕೋಶವನ್ನು ತೂಗುವುದು ಹೇಗೆ? ೧೯೫೨ರಲ್ಲಿ ಆಕ್ಸ್‌ಫರ್ಡಿನ ಬೇರರ್ ಒಂದು ಕಡೆ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಡೇವಿಸ್ ಮತ್ತು ವಿಲ್ಕಿನ್ಸ್ ಇನ್ನೊಂದು ಕಡೆ, ಬೆಳಕೇ ತಕ್ಕಡಿಯಾಗಬಲ್ಲದೆಂದು ತೋರಿಸಿದರು. ನೂರು ಮಿಲಿಲೀಟರ್ ದ್ರಾವಣದಲ್ಲಿ ಒಂದು ಗ್ರಾಂ ಪ್ರೋಟೀನು ಹೆಚ್ಚಿದರೆ ವಕ್ರೀಭವನ ಸೂಚ್ಯಂಕ ಸುಮಾರು ೦.೦೦೧೮ರಷ್ಟು ಏರುತ್ತದೆ, ಕೋಶದ ಇತರ ಮುಖ್ಯ ಪದಾರ್ಥಗಳಲ್ಲಿಯೂ ಏರಿಕೆ ಇದಕ್ಕೆ ಸಮೀಪ. ಆದಕಾರಣ ಬೆಳಕು ಹಿಂದೆ ಬಿದ್ದದ್ದನ್ನು ವ್ಯತಿಕರಣ ಸೂಕ್ಷ್ಮದರ್ಶಕದಿಂದ ಅಳೆದು, ಕೋಶದ ಹರವಿನುದ್ದಕ್ಕೂ ಕೂಡಿದರೆ ನೀರನ್ನು ಬಿಟ್ಟು ಉಳಿದ ಒಣತೂಕ ದೊರೆಯುತ್ತದೆ. ಈ ವಿಲ್ಕಿನ್ಸನೇ ಮುಂದೆ ೧೯೬೨ರಲ್ಲಿ ಡಿ.ಎನ್.ಎ. ರಚನೆಗಾಗಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವನು. ೧೯೫೭ರಲ್ಲಿ ಎಡಿನ್‌ಬರೋದ ಮರ್ಡಾಕ್ ಮಿಚಿಸನ್ ಈ ತಕ್ಕಡಿಯಲ್ಲಿ ಸೀಳಿ ಎರಡಾಗುವ ಜಾತಿಯ ಯೀಸ್ಟ್ ಕೋಶಗಳನ್ನು ತೂಗಿದನು. ವಿಭಜನೆಗೆ ಮುಂಚಿನ ಕೊನೆಯ ಕಾಲುಭಾಗದಲ್ಲಿ ಕೋಶದ ಗಾತ್ರ ಬೆಳೆಯದೆ ನಿಂತರೂ ತೂಕ ಏರುತ್ತಲೇ ಹೋಗುವುದೆಂದು ಕಂಡನು. ಹೊರಗೆ ಕಾಣುವ ಗಾತ್ರವೇ ಬೆಳವಣಿಗೆಯಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು.

ಇದೇ ದಶಕದಲ್ಲಿ ಪೋಲೆಂಡಿನಿಂದ ಫ್ರಾನ್ಸಿಗೆ ಬಂದು ನೆಲಸಿದ ನೊಮಾರ್ಸ್ಕಿ ಕೋಶಗಳು ಉಬ್ಬುಚಿತ್ರದಂತೆ ತೋರುವ ಇನ್ನೊಂದು ಕ್ರಮವನ್ನು ರಚಿಸಿದನು. ೧೯೮೧ರಲ್ಲಿ ರಾಬರ್ಟ್ ಆಲೆನ್ ಮತ್ತು ಇನೊವೆ ಇಂಥ ಬಿಂಬಗಳಿಗೆ ವಿಡಿಯೋ ಯಂತ್ರವನ್ನು ಕೂಡಿಸಿ ಕಾಂತಿಭೇದವನ್ನು ಹೆಚ್ಚಿಸಿದರು. ೨೫ ನ್ಯಾನೊಮೀಟರ್ ದಪ್ಪದ ಸೂಕ್ಷ್ಮನಾಳಗಳೂ ಇದರಿಂದ ಗೋಚರವಾದುವು; ೧೯೮೫ರಲ್ಲಿ ಅವುಗಳ ಮೇಲೆ ಹೊರೆ ಸಾಗಿಸುವ ಕೈನೆಸಿನ್ ಎಂಬ ಪ್ರೋಟೀನು ಪತ್ತೆಯಾದದ್ದು ಈ ನೋಟದ ಫಲ.

೬

ಬಣ್ಣದ ಪಕ್ಷವೂ ಸುಮ್ಮನೆ ಕುಳಿತಿರಲಿಲ್ಲ. ೧೯೬೨ರಲ್ಲಿ ಶಿಮೊಮುರಾ ಅಂಬಲಿಮೀನಿನಿಂದ ಬೇರ್ಪಡಿಸಿದ ಹಸಿರು ಹೊಳಪಿನ ಪ್ರೋಟೀನನ್ನು ೧೯೯೪ರಲ್ಲಿ ಚಾಲ್ಫಿ ಬೇರೆ ಜೀವಿಗಳ ಕೋಶಗಳಲ್ಲಿ ಹುಟ್ಟುವಂತೆ ಮಾಡಿದನು. ಕೋಶವನ್ನು ಕೊಲ್ಲದೆಯೇ ಒಂದು ಪ್ರೋಟೀನಿಗೆ ಗುರುತು ಹಚ್ಚಬಹುದೆಂದಾಯಿತು. ೨೦೦೮ರಲ್ಲಿ ಇವರಿಗೂ ಛಿಯೆನ್ ಎಂಬವರಿಗೂ ನೊಬೆಲ್ ಪಾರಿತೋಷಕ ಬಂದದ್ದು ಯೋಗ್ಯವೇ. ಆದರೆ ಹೊಳೆಯಿಸಲು ಹಾಯಿಸುವ ತೀವ್ರವಾದ ಬೆಳಕು ಕೋಶದಲ್ಲಿ ವಿಷಪದಾರ್ಥಗಳನ್ನು ಹುಟ್ಟಿಸುತ್ತದೆ, ಹೊಳಪೂ ಕ್ರಮೇಣ ಮಾಸುತ್ತದೆ. ದಿನಗಟ್ಟಲೆ ಒಂದು ಕೋಶದ ಬೆಳವಣಿಗೆಯನ್ನು ಹಿಂಬಾಲಿಸುವವನಿಗೆ, ತಾನು ನೋಡುತ್ತಿರುವುದು ಕೋಶದ ಸಹಜ ನಡತೆಯೋ ತನ್ನ ನೋಟದಿಂದ ನೊಂದ ಕೋಶದ ನಡತೆಯೋ ಎಂಬ ಹಳೆಯ ಸಂದೇಹ ಮತ್ತೆ ಏಳುತ್ತದೆ.

ಈ ಸಂದೇಹವೇ ಬಣ್ಣವಿಲ್ಲದ ವಿಧಾನಗಳಿಗೆ ಹೊಸ ಬಲ ತಂದಿತು. ಗಾಬೋರ್ ೧೯೪೮ರಲ್ಲಿ ಕಂಡುಹಿಡಿದ ಹೋಲೊಗ್ರಫಿಯನ್ನು ಸ್ವಿಟ್ಸರ್ಲೆಂಡಿನ ಲೊಜಾನ್ ನಗರದ ವಿಜ್ಞಾನಿಗಳು ೧೯೯೯ರ ಸುಮಾರಿಗೆ ಗಣಕಯಂತ್ರದೊಡನೆ ಕೂಡಿಸಿ, ೨೦೦೫ರಲ್ಲಿ ಜೀವಂತ ಕೋಶಗಳಿಗೆ ಅನ್ವಯಿಸಿದರು. ಬೇರರನೂ ಡೇವಿಸನೂ ಒಂದೊಂದು ಕೋಶಕ್ಕೆ ಶ್ರಮಪಟ್ಟು ಮಾಡಿದ ತೂಕದ ಲೆಕ್ಕವನ್ನು ಇಂದು ಯಂತ್ರವು ಸಾವಿರಾರು ಕೋಶಗಳಿಗೆ ತಾನೇ ಮಾಡುತ್ತದೆ.

ಹೀಗಿದ್ದರೂ ಪ್ರಾವಸ್ಥೆಯ ನೋಟಕ್ಕೆ ಒಂದು ಕೊರತೆಯುಂಟು. ಪದಾರ್ಥ ಎಷ್ಟಿದೆಯೆಂದು ಅದು ಹೇಳುತ್ತದೆ, ಯಾವುದೆಂದು ಹೇಳದು. ಈ ಕೊರತೆಯನ್ನು ತುಂಬುವ ದಾರಿಗಳಲ್ಲಿ ಒಂದಕ್ಕೆ ಸಿ.ವಿ. ರಾಮನ್ನರ ಹೆಸರಿರುವುದು ನಮ್ಮ ಓದುಗರಿಗೆ ಸಂತೋಷದ ವಿಷಯ. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಅವರು ಕಂಡುಹಿಡಿದ ಪರಿಣಾಮದ ಪ್ರಕಾರ, ಚೆದರಿದ ಬೆಳಕಿನ ಅಲ್ಪಭಾಗ ತನ್ನ ಬಣ್ಣವನ್ನು ಅಣುಗಳ ಕಂಪನಕ್ಕೆ ತಕ್ಕಂತೆ ಬದಲಾಯಿಸುತ್ತದೆ. ೧೯೩೩ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು ೧೯೭೦ರಲ್ಲಿ ತೀರಿಕೊಳ್ಳುವವರೆಗೂ ಆ ನಗರದಲ್ಲಿಯೇ ನೆಲಸಿದ್ದರು. ೧೯೯೦ರಲ್ಲಿ ಹಾಲೆಂಡಿನ ಪುಪ್ಪೆಲ್ಸ್ ಮತ್ತು ಸಂಗಡಿಗರು ಒಂಟಿ ಜೀವಂತ ಕೋಶದಿಂದ ಈ ರಾಮನ್ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ಸಂಗ್ರಹಿಸಿದರು. ೨೦೦೮ರಲ್ಲಿ ಹಾರ್ವರ್ಡಿನಲ್ಲಿ ಅದನ್ನು ಹಲವು ಪಟ್ಟು ಬಲಪಡಿಸುವ ಪ್ರಚೋದಿತ ರಾಮನ್ ವಿಧಾನದಿಂದ ಕೋಶದ ಕೊಬ್ಬಿನ ಹನಿಗಳನ್ನು ಬಣ್ಣವಿಲ್ಲದೆ ಗುರುತಿಸಲಾಯಿತು. ಅಣುವಿನ ಕಂಪನವೇ ಅದರ ಗುರುತಾದ ಮೇಲೆ ಹೊರಗಿನಿಂದ ಗುರುತು ಹಚ್ಚುವ ಅಗತ್ಯ ಆ ಮಟ್ಟಿಗೆ ತಪ್ಪಿತು.

ಇನ್ನೊಂದು ದಾರಿ ಗಣಕಯಂತ್ರದ್ದು. ೨೦೧೮ರಲ್ಲಿ ಅಮೆರಿಕದ ಎರಡು ಸಂಶೋಧಕ ತಂಡಗಳು, ಬಣ್ಣವಿಲ್ಲದ ಚಿತ್ರ ಮತ್ತು ಅದೇ ಕೋಶದ ಹೊಳಪಿನ ಚಿತ್ರ ಇವುಗಳ ಜೋಡಿಗಳನ್ನು ಯಂತ್ರಕ್ಕೆ ತೋರಿಸಿ ಕಲಿಸಿದರೆ, ಮುಂದೆ ಬಣ್ಣವಿಲ್ಲದ ಚಿತ್ರವೊಂದನ್ನೇ ನೋಡಿ ಬಣ್ಣ ಎಲ್ಲೆಲ್ಲಿ ಹತ್ತುತ್ತಿತ್ತೆಂದು ಅದು ಊಹಿಸಬಲ್ಲದೆಂದು ತೋರಿಸಿದುವು. ಇದು ಆಶ್ಚರ್ಯಕರವಾದುದು, ಆದರೆ ಇಲ್ಲಿ ಚರಿತ್ರೆಯ ಪಾಠವನ್ನು ಮರೆಯಬಾರದು. ಯಂತ್ರ ಕೊಡುವುದು ಊಹೆ. ಅದು ಕಲಿತ ಕೋಶಗಳಂಥ ಕೋಶಗಳಲ್ಲಿ ಊಹೆ ಒಪ್ಪುತ್ತದೆ. ರೋಗದಿಂದಲೋ ಔಷಧದಿಂದಲೋ ಬದಲಾದ ಕೋಶದಲ್ಲಿ ಒಪ್ಪುವುದೇ ಎಂಬುದನ್ನು ಫ್ಲೆಮಿಂಗನಂತೆ ಪ್ರತಿಸಲವೂ ತಾಳೆ ನೋಡಲೇಬೇಕು.

ಈ ವಿಚಾರ ಪ್ರಯೋಗಶಾಲೆಯ ಗೋಡೆಗಳೊಳಗೆ ಮಾತ್ರ ಉಳಿದಿಲ್ಲ. ದೇಹದ ಹೊರಗೆ ಫಲಿತವಾದ ಮಾನವ ಭ್ರೂಣವನ್ನು ತಾಯಿಯ ಗರ್ಭಕ್ಕೆ ಸೇರಿಸುವ ಮುನ್ನ ವೈದ್ಯರು ಅದರ ಬೆಳವಣಿಗೆಯನ್ನು ನೋಡಿಯೇ ಆರಿಸುತ್ತಾರೆ. ಅದಕ್ಕೆ ಬಣ್ಣ ಹಚ್ಚಿ ನೋಡಲು ಯಾರೂ ಒಪ್ಪಲಾರರು. ನೋಡಿಸಿಕೊಂಡದ್ದು ಮುಂದೆ ಮಗುವಾಗಿ ಬೆಳೆಯಬೇಕಾಗಿದೆ. ಅಲ್ಲಿ ಬಣ್ಣವಿಲ್ಲದ ನೋಟ ಧರ್ಮದ ಪ್ರಶ್ನೆಯೂ ಆಗುತ್ತದೆ.

ಬಣ್ಣವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಬಣ್ಣವಿಲ್ಲದಿದ್ದರೆ ಕೋಶದ ಅಂಗಗಳಿಗೆ ನಾವು ಹೆಸರನ್ನೇ ಇಡುತ್ತಿರಲಿಲ್ಲ, ಹೆಸರಿಲ್ಲದೆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಆದರೆ ನರದ ಎಳೆ ಹೇಗೆ ಹೊರಡುತ್ತದೆ, ಕದಿರಿನ ಎಳೆ ನಿಜವೋ ಹುಸಿಯೋ, ಕೋಶಗಳು ಪರಸ್ಪರ ಎದುರಾದಾಗ ಏನು ಮಾಡುತ್ತವೆ, ಬೆಳೆಯುವುದೆಂದರೆ ಏನು ಎಂಬ ಪ್ರಶ್ನೆಗಳು ಕಾಲವನ್ನೊಳಗೊಂಡ ಪ್ರಶ್ನೆಗಳು. ಕಾಲ ನಿಂತುಹೋದ ವಸ್ತುವಿನಿಂದ ಅವಕ್ಕೆ ಉತ್ತರ ಬರಲಿಲ್ಲ. ಹ್ಯಾರಿಸನ್ ತೂಗಿಸಿದ ಹನಿಯಿಂದ ಇಂದಿನ ಗಣಕದ ತಕ್ಕಡಿಯವರೆಗೆ ಈ ಶಾಸ್ತ್ರ ಮುಂದುವರಿದಿರುವುದು, ನೋಡಬೇಕಾದುದನ್ನು ನೋಡುವ ಆತುರದಲ್ಲಿ ಕೆಡಿಸಬಾರದೆಂಬ ಒಂದೇ ಎಚ್ಚರದಿಂದ.